ಕೈಗೂಡಿದ ಮೇಲೆ ಮರೆಯದಿರಲು: ಹರಕೆ ಹೊರುವ, ತೀರಿಸುವ ಕ್ರಮ

‘ಮಾತು ಬಿಡ ಮಂಜುನಾಥ, ಕಾಸು ಬಿಡ ತಿಮ್ಮಪ್ಪ’ ಎಂಬ ಗಾದೆಯನ್ನು ಹೆದರಿಸುವುದಕ್ಕೆ ಬಳಸುವವರೇ ಹೆಚ್ಚು. ಹರಕೆ ಬಾಕಿ ಇರುವ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಸಾಕು, ನೆಂಟರೊಬ್ಬರು ಇದನ್ನು ಹೇಳಿಯೇ ತೀರುತ್ತಾರೆ. ದೇವರನ್ನು ವಸೂಲಿಗೆ ಬರುವವನಂತೆ ಕಾಣುವ ಈ ಬಗೆ ಭಕ್ತಿಗೂ ಒಪ್ಪುವಂಥದ್ದಲ್ಲ. ಹರಕೆ ತೀರಿಸದಿದ್ದರೆ ಆಗುವ ಕೆಡುಕು ಬೇರೆಯೇ ಇದೆ.

ಅದು ನಡೆಯುವ ಕ್ರಮ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ. ಆಪರೇಷನ್ ಆದ ವಾರ ‘ದೇವರು ಕಣ್ಣು ಬಿಟ್ಟ’ ಅನ್ನುತ್ತೇವೆ. ತಿಂಗಳು ಕಳೆದ ಮೇಲೆ ‘ಡಾಕ್ಟರು ಒಳ್ಳೆಯವರಿದ್ದರು’. ವರ್ಷವಾದ ಮೇಲೆ ‘ಹೇಗೂ ಗುಣವಾಗುವ ಕಾಯಿಲೆಯೇ ಆಗಿತ್ತು’. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಒಂದೊಂದು ಮಾತಿಗೂ ಕೃತಜ್ಞತೆ ಒಂದಿಷ್ಟು ಕರಗಿ, ಕೊನೆಗೆ ಸಿಕ್ಕಿದ್ದೆಲ್ಲ ಸಿಗಬೇಕಾದದ್ದೇ ಆಗಿತ್ತು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹೊತ್ತ ಹರಕೆ ಮಾತ್ರ ಹಾಗೇ ಉಳಿದಿರುತ್ತದೆ. ಐದಾರು ವರ್ಷದ ಮೇಲೆ ಇನ್ನೊಂದು ಕಷ್ಟ ಬಂದಾಗ ಅದು ನೆನಪಾಗುವುದು ಭಯದ ರೂಪದಲ್ಲಿ. ಆ ಹೊತ್ತಿಗೆ ಸರಿಯಾಗಿ ಯಾರೋ ಕವಡೆ ಹಾಕಿ ‘ಹಳೆಯ ಹರಕೆ ಬಾಕಿ ಇದೆ’ ಎಂದು ಸಾವಿರಗಟ್ಟಲೆ ಖರ್ಚಿನ ಪರಿಹಾರ ಹೇಳುತ್ತಾರೆ. ನೂರೊಂದು ರೂಪಾಯಿಯ ಮುಡಿಪಿನಲ್ಲಿ ಮುಗಿಯಬೇಕಾದದ್ದಕ್ಕೆ ಸಾಲ ಮಾಡುವ ಗತಿ ಬರುವುದು ಹೀಗೆ.

ಇದನ್ನು ತಪ್ಪಿಸಲು ಹರಕೆಯನ್ನು ಹೊರುವಾಗಲೇ ತೀರಿಸುವ ಹಾಗೆ ಹೊರಬೇಕು.

ಹೊರುವ ಮುನ್ನ

ಎಲ್ಲ ಬೇಡಿಕೆಗೂ ಹರಕೆ ಬೇಕಿಲ್ಲ. ಬಸ್ಸು ಸಿಗಲಿ, ಇಂಟರ್‌ವ್ಯೂ ಚೆನ್ನಾಗಿ ಆಗಲಿ ಎಂಬುದಕ್ಕೆ ಕೈಮುಗಿದರೆ ಸಾಕು. ಸಣ್ಣದಕ್ಕೆಲ್ಲ ಹರಕೆ ಹೊತ್ತರೆ ಲೆಕ್ಕ ತಪ್ಪುತ್ತದೆ, ಲೆಕ್ಕ ತಪ್ಪಿದ ಮೇಲೆ ಹರಕೆಗೆ ಬೆಲೆಯೂ ಇರುವುದಿಲ್ಲ. ಹಿಂದಿನದು ಬಾಕಿ ಇರುವಾಗ ಹೊಸದನ್ನು ಹೊರಬೇಡಿ. ಮೊದಲು ಅದನ್ನು ತೀರಿಸಿ, ಆಗದಿದ್ದರೆ ಅದರ ಹೆಸರಿನಲ್ಲಿ ಒಂದು ಮುಡಿಪನ್ನಾದರೂ ಕಟ್ಟಿಟ್ಟು ಆಮೇಲೆ ಮುಂದಿನ ಮಾತು.

ಒಂದು ಬೇಡಿಕೆಗೆ ಒಬ್ಬ ದೇವರು. ಗಾಬರಿಯಲ್ಲಿ ಧರ್ಮಸ್ಥಳಕ್ಕೊಂದು, ತಿರುಪತಿಗೊಂದು, ಮನೆದೇವರಿಗೊಂದು, ಊರ ಮಾರಮ್ಮನಿಗೊಂದು ಹೇಳಿಕೊಳ್ಳುತ್ತಾರೆ. ಕೆಲಸ ಆದ ಮೇಲೆ ನಾಲ್ಕೂ ಕಡೆ ಹೋಗಲು ರಜೆಯೂ ಇರುವುದಿಲ್ಲ, ದುಡ್ಡೂ ಇರುವುದಿಲ್ಲ. ಯಾರ ಬಳಿ ಹೇಳಿಕೊಳ್ಳಬೇಕು ಎಂದು ತೋಚದಿದ್ದರೆ ಮನೆದೇವರೇ ಸರಿ. ಅಲ್ಲಿಗೆ ಹೇಗೂ ವರ್ಷಕ್ಕೊಮ್ಮೆ ಹೋಗುತ್ತೀರಿ, ದಾರಿಯೂ ಪೂಜೆಯ ಕ್ರಮವೂ ಮನೆಯವರಿಗೆ ಗೊತ್ತಿರುತ್ತದೆ.

ಅಳತೆಯ ಮಾತು ಬಂದರೆ, ಕೆಲಸ ಕೈಗೂಡಿದ ಮೂರು ತಿಂಗಳೊಳಗೆ ಸಾಲವಿಲ್ಲದೆ ತೀರಿಸಲು ಆಗುವಷ್ಟೇ ಹೊರಿ. ಹರಕೆ ದೊಡ್ಡದಾದಷ್ಟೂ ದೇವರು ಬೇಗ ಕೇಳುತ್ತಾನೆ ಎಂಬ ಎಣಿಕೆಗೆ ಆಧಾರವಿಲ್ಲ. ಉಜಿರೆ ಹತ್ತಿರದ ಸುರ್ಯದ ಸದಾಶಿವ ರುದ್ರ ದೇವಸ್ಥಾನದಲ್ಲಿ ಒಪ್ಪಿಸುವುದು ಮಣ್ಣಿನ ಹರಕೆ. ಮನೆ ಬೇಡಿದವರು ಮಣ್ಣಿನ ಪುಟ್ಟ ಮನೆ, ಮಗು ಬೇಡಿದವರು ಮಣ್ಣಿನ ಮಗು, ವಾಹನ ಬೇಡಿದವರು ಮಣ್ಣಿನ ವಾಹನ. ಕೋಟಿಯ ಬಂಗಲೆ ಕಟ್ಟಿದವರೂ ಅಂಗೈ ಮೇಲೆ ನಿಲ್ಲುವ ಮಣ್ಣಿನ ಮನೆಯನ್ನೇ ಹರಕೆ ಬನದಲ್ಲಿ ಇಟ್ಟು ಬರುತ್ತಾರೆ.

ಇನ್ನೊಬ್ಬರ ಮೈಯ ಮೇಲೆ ಹರಕೆ ಹೊರಬಾರದು. ‘ಗುಣವಾದರೆ ನನ್ನ ಗಂಡನ ಕೈಲಿ ಉರುಳು ಸೇವೆ ಮಾಡಿಸ್ತೀನಿ’ ಎಂದು ಹೆಂಡತಿ ಹೇಳಿಕೊಂಡು, ಆತ ಒಪ್ಪದೆ ವರ್ಷಗಟ್ಟಲೆ ಜಗಳವಾಗುವುದು ಅಪರೂಪವಲ್ಲ. ಚಿಕ್ಕ ಮಕ್ಕಳ ಮುಡಿ ಮಾತ್ರ ಇದಕ್ಕೆ ಹೊರತು. ಅದೂ ಮಗುವಿಗೆ ತಿಳಿವಳಿಕೆ ಬರುವ ಮೊದಲೇ ಮುಗಿಯಬೇಕು, ಹತ್ತನೇ ಕ್ಲಾಸಿನ ಹುಡುಗನನ್ನು ಹಿಡಿದು ಕೂರಿಸಿ ತಲೆ ಬೋಳಿಸಲು ಆಗುವುದಿಲ್ಲ.

ಕೆಲವು ಹರಕೆಗಳನ್ನು ಕಾನೂನೇ ತಡೆದಿದೆ. ಹೆಣ್ಣುಮಗುವನ್ನು ದೇವರಿಗೆ ಬಿಡುವುದು ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನಿನ ಪ್ರಕಾರ ಅಪರಾಧ. ಅಜ್ಜಿ ಹೊತ್ತಿದ್ದಳು, ಅಮ್ಮ ಹೊತ್ತಿದ್ದಳು ಎಂಬುದು ನೆಪವಾಗಲಾರದು. ದೇವಸ್ಥಾನದ ಆವರಣದಲ್ಲಿ ಪ್ರಾಣಿ ಬಲಿಯನ್ನು 1959ರ ಕಾಯ್ದೆ ನಿಷೇಧಿಸಿದೆ. ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿದ್ದ ಬೆತ್ತಲೆ ಸೇವೆ 1986ರ ಗಲಭೆಯ ನಂತರ ನಿಂತಿತು. ಬಾಯಿಗೆ ಸರಳು ಚುಚ್ಚಿಕೊಳ್ಳುವ ಬಾಯಿಬೀಗ, ಎಂಜಲೆಲೆಯ ಮೇಲೆ ಉರುಳುವ ಮಡೆ ಸ್ನಾನ ಇವು 2017ರ ಅಮಾನವೀಯ ಆಚರಣೆಗಳ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಹಿರಿಯರು ಹೊತ್ತ ಇಂಥ ಹರಕೆ ಬಾಕಿ ಇದ್ದರೆ ತೀರಿಸುವ ದಾರಿ ಬೇರೆ ಇದೆ, ಮುಂದೆ ಹೇಳಿದೆ.

ಕಾಯಿಲೆಗೆ ಹೊತ್ತ ಹರಕೆಯ ಕಾರಣಕ್ಕೆ ಔಷಧಿ ನಿಲ್ಲಿಸುವುದಾಗಲಿ, ತಪಾಸಣೆಯನ್ನು ಮುಂದೂಡುವುದಾಗಲಿ ಕೂಡದು. ‘ಹರಕೆ ಹೊತ್ತಿದೀವಲ್ಲ, ನೋಡೋಣ’ ಎಂದು ಎದೆನೋವಿನವರನ್ನು ಎರಡು ದಿನ ಮನೆಯಲ್ಲೇ ಇಟ್ಟುಕೊಳ್ಳುವುದು ನಂಬಿಕೆ ಅಲ್ಲ. ದೇವರ ದಯೆ ತನ್ನ ಮನೆಯ ಆಳು ಎಂದುಕೊಂಡ ಹಾಗೆ ಅದು.

ಮಾತು ಕಟ್ಟುವುದು

ಹರಕೆ ಕೆಡುವುದು ಬಹುತೇಕ ಇಲ್ಲಿ. ಕಣ್ಣೀರಿಡುತ್ತಾ ‘ಏನಾದರೂ ಕೊಡ್ತೀನಿ ತಂದೆ’ ಅಂದರೆ ಆಮೇಲೆ ಅದೇನು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಹೇಳಿಕೊಳ್ಳುವ ಮಾತಿನಲ್ಲಿ ಆರು ಸಂಗತಿ ಇರಲಿ: ಯಾರು ಹೊರುತ್ತಿರುವುದು, ಯಾವ ಊರಿನ ಯಾವ ದೇವರಿಗೆ, ಏನಾದರೆ, ಏನನ್ನು, ಎಷ್ಟು, ಎಷ್ಟು ದಿನದೊಳಗೆ. ಉದಾಹರಣೆಗೆ: ‘ಧರ್ಮಸ್ಥಳದ ಮಂಜುನಾಥಸ್ವಾಮಿ, ಮಗಳು ಆಸ್ಪತ್ರೆಯಿಂದ ಮನೆಗೆ ಬಂದರೆ, ಬಂದ ದಿನದಿಂದ ಮೂರು ತಿಂಗಳೊಳಗೆ ಅವಳ ತೂಕದ ಬೆಲ್ಲದಲ್ಲಿ ನಾನು ತುಲಾಭಾರ ಮಾಡಿಸುತ್ತೇನೆ.’ ಇಷ್ಟನ್ನು ದೀಪ ಹಚ್ಚಿ, ಮನೆಯ ಇನ್ನೊಬ್ಬರ ಎದುರು, ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲೇ ಹೊತ್ತ ಹರಕೆ ಹೊತ್ತವರ ಜೊತೆಗೇ ಹೋಗಿಬಿಡುತ್ತದೆ.

‘ಏನನ್ನು, ಎಷ್ಟು’ ಎಂಬುದನ್ನು ಸಡಿಲ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾಣ್ಯದ ತುಲಾಭಾರವೇ ಒಳ್ಳೆಯ ಪಾಠ. 2011ರ ಮಾದರಿಯ ಒಂದು ರೂಪಾಯಿ ನಾಣ್ಯದ ತೂಕ 3.79 ಗ್ರಾಂ, ಐದು ರೂಪಾಯಿಯದು 6 ಗ್ರಾಂ. 60 ಕಿಲೋ ತೂಕದವರಿಗೆ ಒಂದು ರೂಪಾಯಿಯದಾದರೆ ಸುಮಾರು 15,800 ನಾಣ್ಯ, ಅಂದರೆ ಅಷ್ಟೇ ರೂಪಾಯಿ. ಐದು ರೂಪಾಯಿಯದಾದರೆ 10,000 ನಾಣ್ಯ, ಅಂದರೆ 50,000 ರೂಪಾಯಿ. ‘ನಾಣ್ಯದಲ್ಲಿ ತೂಗಿಸ್ತೀನಿ’ ಎಂಬ ಒಂದೇ ಮಾತಿಗೆ ಮೂರು ಪಟ್ಟು ವ್ಯತ್ಯಾಸ. ಬೆಲ್ಲವಾದರೆ, ಕಿಲೋಗೆ 60 ರೂಪಾಯಿ ಎಂದಿಟ್ಟುಕೊಂಡರೂ, 3,600ರಲ್ಲಿ ಮುಗಿಯುತ್ತದೆ. ಅಕ್ಕಿ, ಸಕ್ಕರೆ, ತೆಂಗಿನಕಾಯಿ, ಬಾಳೆಹಣ್ಣು ಇವೂ ನಡೆಯುತ್ತವೆ. ಆ ಕ್ಷೇತ್ರದಲ್ಲಿ ಯಾವುದನ್ನು ಸ್ವೀಕರಿಸುತ್ತಾರೆ ಎಂದು ಕೇಳಿಕೊಂಡೇ ಹೊರಬೇಕು.

ಗಂಟೆಯದ್ದೂ ಇದೇ ಕತೆ. ಕೊಕ್ಕಡದ ಸೌತಡ್ಕದಲ್ಲಿ ಬಯಲಿನಲ್ಲಿ ಕೂತ ಗಣಪತಿಗೆ ಗಂಟೆ ಕಟ್ಟುವ ಹರಕೆ ಹೊರುವಾಗ ಗಂಟೆಯ ಗಾತ್ರವನ್ನೂ ಹೇಳಿಕೊಳ್ಳಿ. ಬೆಳ್ಳಿಯ ಕಣ್ಣು, ಬೆಳ್ಳಿಯ ತೊಟ್ಟಿಲು ಎಂದು ಹೊರುವುದಾದರೆ ಎಷ್ಟು ಗ್ರಾಂ ಎಂಬುದೂ ಇರಲಿ. ಗುಡಿ ಎದುರಿನ ಅಂಗಡಿಯ ಬಿಳಿ ತಗಡು ಬೆಳ್ಳಿಯಲ್ಲ. ಬೆಳ್ಳಿ ಎಂದು ಹೊತ್ತವರು ಊರಿನ ಅಕ್ಕಸಾಲಿಗರಲ್ಲಿ ತೂಕ ಬರೆದ ಬಿಲ್ಲಿನ ಸಮೇತ ಕೊಳ್ಳಬೇಕು. ತಗಡೇ ಸಾಕು ಅನ್ನುವವರು ಹೊರುವಾಗಲೇ ‘ಬೆಳ್ಳಿ’ ಅನ್ನದಿದ್ದರಾಯಿತು.

ಅನ್ನದಾನಕ್ಕೆ ಜನರ ಲೆಕ್ಕ ಹೇಳಿ. ನೂರು ಜನರ ಸಾದಾ ಊಟಕ್ಕೆ 12 ಕಿಲೋ ಅಕ್ಕಿ, 3 ಕಿಲೋ ತೊಗರಿಬೇಳೆ, 10 ಕಿಲೋ ತರಕಾರಿ, ಪಾಯಸಕ್ಕೆ 2 ಕಿಲೋ ಕಡಲೆಬೇಳೆ ಮತ್ತು 3 ಕಿಲೋ ಬೆಲ್ಲ ಬೇಕಾಗುತ್ತದೆ. ‘ಊರಿಗೆಲ್ಲ ಊಟ ಹಾಕಿಸ್ತೀನಿ’ ಎಂದವರು ಊರಿನ ಮನೆಗಳನ್ನು ಎಣಿಸಿ ನೋಡಿರುವುದಿಲ್ಲ.

ಮುಡಿಪು ಕಟ್ಟುವ ಬಗೆ

ಹೊತ್ತ ದಿನವೇ ಮುಡಿಪು ಕಟ್ಟಿಬಿಡಿ. ಹರಕೆ ಕಣ್ಣಿಗೆ ಕಾಣುವ ವಸ್ತುವಾಗುವುದು ಇದರಿಂದ.

ಒಂದು ಗೇಣು ಚೌಕದ ಹೊಸ ಬಿಳಿ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಒಂದು ಲೋಟ ನೀರಿಗೆ ಎರಡು ಚಮಚ ಅರಿಶಿನ ಕದಡಿ ಬಟ್ಟೆಯನ್ನು ಅದ್ದಿ, ಹಿಂಡಿ, ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಅರಿಶಿನ ಬೇಗ ಬಿಳಿಚುತ್ತದೆ. ಪೂರ್ತಿ ಒಣಗದೆ ಕಟ್ಟಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿದು ನೋಟು ಹಾಳಾಗುತ್ತದೆ, ಆದ್ದರಿಂದ ಒಳಗೆ ನೋಟಿಗಿಂತ ನಾಣ್ಯವೇ ಒಳ್ಳೆಯದು. ನಡುವೆ ನಾಲ್ಕು ಕಾಳು ಅಕ್ಷತೆ, ಒಂದು ಅಡಿಕೆ, ಒಂದು ರೂಪಾಯಿಯೋ ಹನ್ನೊಂದೋ ಇಟ್ಟು, ನಾಲ್ಕು ಮೂಲೆ ಸೇರಿಸಿ ಅರಿಶಿನದ ದಾರದಲ್ಲಿ ಗಂಟು ಹಾಕಿ. ಜೊತೆಗೆ ಒಂದು ಚೀಟಿ: ದೇವರ ಹೆಸರು, ಹರಕೆ, ತಾರೀಖು, ಹೊತ್ತವರ ಹೆಸರು. ಚೀಟಿ ಗಂಟಿನ ಹೊರಗೆ ದಾರಕ್ಕೆ ಸುತ್ತಿರಲಿ. ಒಳಗಿಟ್ಟರೆ ಬಿಚ್ಚದೆ ಓದಲಾಗುವುದಿಲ್ಲ, ಬಿಚ್ಚಲು ಯಾರಿಗೂ ಧೈರ್ಯ ಬರುವುದಿಲ್ಲ.

ಮುಡಿಪು ದೇವರ ಪೀಠದ ಮೇಲಿರಲಿ. ಬೀರುವಿನಲ್ಲಿ ಚಿನ್ನದ ಪಕ್ಕ ಭದ್ರವಾಗಿಟ್ಟದ್ದು ಮದುವೆ ಮುಂಜಿ ಬಂದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಹರಕೆಗೆ ದುಡ್ಡು ಕೂಡಿಸಬೇಕಾಗಿದ್ದರೆ ಪಕ್ಕದಲ್ಲೇ ಒಂದು ಡಬ್ಬಿ ಇಟ್ಟು ಸಂಬಳದ ದಿನ ಹಾಕುತ್ತಾ ಹೋಗಿ. ಆ ದುಡ್ಡನ್ನು ಅವಸರಕ್ಕೆ ತೆಗೆದರೆ ಎಷ್ಟು ತೆಗೆದಿರಿ ಎಂದು ಅಲ್ಲೇ ಬರೆದಿಡಿ. ವಾಪಸ್ ಹಾಕುವಾಗ ಬಡ್ಡಿಯೆಂದು ಸ್ವಲ್ಪ ಸೇರಿಸಿ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಮದುವೆಗೆ ಕುಬೇರನಿಂದ ಸಾಲ ತಂದು ಇನ್ನೂ ಬಡ್ಡಿ ಕಟ್ಟುತ್ತಿರುವ ತಿಮ್ಮಪ್ಪನ ಕತೆ ಕೇಳಿ ಬೆಳೆದವರಿಗೆ ಇದು ಸಹಜವೇ.

ಪರದೇಶದಲ್ಲಿ ಇರುವವರೂ ಮುಡಿಪನ್ನು ತಮ್ಮಲ್ಲೇ ಕಟ್ಟಲಿ. ದುಡ್ಡಿನ ಹರಕೆಯನ್ನು ಊರಿನಲ್ಲಿರುವ ಅಣ್ಣನೋ ತಮ್ಮನೋ ಒಪ್ಪಿಸಬಹುದು. ಮುಡಿ, ಉರುಳು, ಕಾಲ್ನಡಿಗೆ ಮಾತ್ರ ಹೊತ್ತವರೇ ಬಂದು ತೀರಿಸಬೇಕಾದವು, ಆದ್ದರಿಂದ ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವರು ಅವಧಿಯನ್ನು ಆ ಲೆಕ್ಕದಲ್ಲೇ ಇಟ್ಟುಕೊಳ್ಳಬೇಕು.

ಇದಲ್ಲದೆ ಮನೆಗೊಂದು ಹರಕೆ ಪುಸ್ತಕ ಬೇಕು. ಹಳೆಯ ಪಂಚಾಂಗದ ಖಾಲಿ ಹಾಳೆಯೂ ಆದೀತು. ತೀರಿದ್ದಕ್ಕೆ ಅಡ್ಡಗೆರೆ ಎಳೆದು ತಾರೀಖು ಹಾಕಿ, ರಸೀದಿ ಅಂಟಿಸಿ.

ಕೈಗೂಡಿತೋ ಇಲ್ಲವೋ

ಅರ್ಧ ಆದ ಕೆಲಸದಲ್ಲೇ ಜನ ಜಾರುವುದು. ಸೈಟು ಸಿಕ್ಕಿತು, ಮನೆ ಕಟ್ಟಿಲ್ಲ. ಕೆಲಸ ಸಿಕ್ಕಿತು, ಕನ್ಫರ್ಮ್ ಆಗಿಲ್ಲ. ‘ಪೂರ್ತಿ ಆಗಲಿ, ಒಟ್ಟಿಗೇ ಹೋಗೋಣ’ ಎನ್ನುತ್ತಾ ಮೂರು ವರ್ಷ ಕಳೆದಿರುತ್ತದೆ. ಹೇಳಿಕೊಂಡ ಮಾತಿನಲ್ಲಿ ‘ಏನಾದರೆ’ ಎಂಬುದು ಸ್ಪಷ್ಟವಿದ್ದರೆ ಈ ಗೊಂದಲವೇ ಇಲ್ಲ. ಇಲ್ಲದಿದ್ದರೆ, ಮನೆಯವರೆಲ್ಲ ‘ಸದ್ಯ’ ಎಂದು ಉಸಿರು ಬಿಟ್ಟ ದಿನವನ್ನೇ ಕೈಗೂಡಿದ ದಿನ ಎಂದು ಹಿಡಿಯಿರಿ.

ಆ ದಿನವೇ ಮಾಡಬೇಕಾದ ಕೆಲಸ ಎರಡು. ಮುಡಿಪಿನ ಮುಂದೆ ದೀಪ ಹಚ್ಚಿ ‘ಆಯಿತು’ ಎಂದು ಹೇಳುವುದು, ಹೋಗುವ ತಾರೀಖು ಗೊತ್ತು ಮಾಡಿ ರಜೆ ಹಾಕುವುದು. ಟಿಕೆಟು ಆ ವಾರದಲ್ಲೇ ಆಗಬೇಕು. ಸಂತೋಷ ಬಿಸಿಯಿರುವಾಗ ಆಗದ ಬುಕಿಂಗ್ ಆಮೇಲೆ ಆಗುವುದು ಕಡಿಮೆ.

ಬೇಡಿದ್ದು ಆಗಲಿಲ್ಲ ಎಂದಾದರೆ ಹರಕೆ ಬಿದ್ದುಹೋಗುತ್ತದೆ, ಬಾಕಿ ಏನಿಲ್ಲ. ಮುಡಿಪು ಬಿಚ್ಚಿ ಆ ಒಂದು ರೂಪಾಯಿಯನ್ನು ಹತ್ತಿರದ ಗುಡಿಯ ಹುಂಡಿಗೆ ಹಾಕಿದರಾಯಿತು. ಆಗದಿದ್ದರೂ ಹೋಗಿ ಸೇವೆ ಮಾಡಿಸಿ ಬರುವವರಿದ್ದಾರೆ. ಅದು ಹರಕೆಗಿಂತ ಮೇಲಿನದು, ಅದಕ್ಕೆ ಕ್ರಮ ಹೇಳಿಕೊಡುವವರು ಬೇಕಿಲ್ಲ.

ಪುರುಡು, ಸೂತಕ ಇರುವ ದಿನಗಳಲ್ಲಿ ಹೋಗುವಂತಿಲ್ಲ. ಸಾವಾದ ವರ್ಷ ಕ್ಷೇತ್ರಕ್ಕೆ ಹೋಗದ ಪದ್ಧತಿ ಕೆಲವು ಮನೆಗಳಲ್ಲಿದೆ. ಇಂಥ ಕಾರಣಕ್ಕೆ ಅವಧಿ ಮೀರಿದರೆ ಅದು ತಪ್ಪಲ್ಲ. ಹರಕೆ ಪುಸ್ತಕದಲ್ಲಿ ಕಾರಣ ಬರೆದು ಹೊಸ ತಾರೀಖು ಹಾಕಿ.

ತೀರಿಸುವಾಗ

ಮುಡಿ: ತಿರುಮಲದ ಕಲ್ಯಾಣಕಟ್ಟೆಯಲ್ಲಿ ಮುಡಿ ತೆಗೆಯುವುದು ಉಚಿತ, ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಹೊಸ ಬ್ಲೇಡನ್ನು ನಿಮ್ಮ ಕಣ್ಣೆದುರೇ ಹಾಕಿಸಿಕೊಳ್ಳಿ. ಮೊದಲು ತಲೆ ಚೆನ್ನಾಗಿ ನೆನೆಸಬೇಕು, ಒಣಕೂದಲಿಗೆ ಬ್ಲೇಡು ಹಾಕಿದರೆ ಗೀರು ಬೀಳುತ್ತದೆ. ಮಗುವಿನ ಜವಳವಾದರೆ ಹಾಲು ಕುಡಿದು ಅರ್ಧ ಗಂಟೆ ಆದ ಮೇಲೆ ಕೂರಿಸಿ. ಹಸಿದ ಮಗು ಒದ್ದಾಡುತ್ತದೆ, ಆಗಲೇ ಗಾಯವಾಗುವುದು. ಒಬ್ಬರು ಗದ್ದ, ಇನ್ನೊಬ್ಬರು ಕೈಕಾಲು ಹಿಡಿದಿರಲಿ. ಸ್ನಾನವಾದ ಮೇಲೆ ಗಂಧ ಹಚ್ಚಿ. ಪೂರ್ತಿ ಮುಡಿ ಕೊಡದ ಹೆಂಗಸರು ಮೂರು ಕತ್ತರಿಯಷ್ಟು ಕೂದಲು ಕೊಡುವ ಪದ್ಧತಿ ಇದೆ. ಹೊರುವಾಗ ‘ಮುಡಿ’ ಎಂದಿದ್ದೀರೋ ‘ಮೂರು ಕತ್ತರಿ’ ಎಂದಿದ್ದೀರೋ ನೆನಪಿರಲಿ.

ತುಲಾಭಾರ: ಮಗುವಿಗೆ ಹೊತ್ತದ್ದನ್ನು ಮುಂದೂಡಿದಷ್ಟೂ ಹರಕೆ ತೂಕವಾಗುತ್ತದೆ, ಇದು ಬರೀ ಮಾತಲ್ಲ. ಒಂದು ವರ್ಷಕ್ಕೆ ಒಂಬತ್ತು ಹತ್ತು ಕಿಲೋ ಇದ್ದ ಮಗು ಐದು ವರ್ಷಕ್ಕೆ ಹದಿನೆಂಟರ ಸುಮಾರಿಗೆ ಬರುತ್ತದೆ. ಹೋಗುವ ಹಿಂದಿನ ದಿನ ಮನೆಯಲ್ಲಿ ತೂಗಿ, ಎರಡು ಕಿಲೋ ಹೆಚ್ಚಿಗೆ ಸಾಮಾನು ಒಯ್ಯಿರಿ. ಬಟ್ಟೆ, ಒಡವೆ, ಊಟ ಸೇರಿ ತಕ್ಕಡಿಯಲ್ಲಿ ವ್ಯತ್ಯಾಸ ಬರುತ್ತದೆ. ಮಿಕ್ಕದ್ದನ್ನು ವಾಪಸ್ ತರುವ ರೂಢಿಯಿಲ್ಲ. ನಾಣ್ಯ ಬೇಕಿದ್ದರೆ ಬ್ಯಾಂಕಿನಲ್ಲಿ ಎರಡು ವಾರ ಮೊದಲೇ ಹೇಳಿಡಬೇಕು. ಹನ್ನೆರಡು ಕಿಲೋ ಮಗುವಿಗೂ ಮೂರು ಸಾವಿರದ ಮೇಲೆ ಒಂದು ರೂಪಾಯಿ ನಾಣ್ಯಗಳು ಬೇಕು, ಅಷ್ಟು ಚಿಲ್ಲರೆ ಒಂದೇ ದಿನದಲ್ಲಿ ಸಿಗುವುದಿಲ್ಲ.

ಉರುಳು ಸೇವೆ: ಇದರಲ್ಲಿ ಜನ ನಿಜವಾಗಿ ಪೆಟ್ಟು ಮಾಡಿಕೊಳ್ಳುತ್ತಾರೆ. ಬಸುರಿಯರು, ಕತ್ತು ಬೆನ್ನಿನ ತೊಂದರೆ ಇರುವವರು, ತಲೆಸುತ್ತು ಬರುವವರು ಹೊರಲೇಬಾರದು. ಹಿಂದಿನ ದಿನ ಹೋಗಿ ಗುಡಿಯ ಅಂಗಳವನ್ನು ಒಂದು ಸುತ್ತು ನಡೆದು, ಮೆಟ್ಟಿಲು, ಒಡೆದ ಕಲ್ಲು, ನೀರಿನ ಮೋರಿ ಎಲ್ಲಿದೆ ಎಂದು ನೋಡಿಕೊಳ್ಳಿ. ಬೆಳಗ್ಗೆ ಬಿಸಿಲೇರುವ ಮುನ್ನವೇ ಮುಗಿಸಬೇಕು, ಏಪ್ರಿಲ್‌ನ ಒಂಬತ್ತು ಗಂಟೆಗೆ ಹಾಸುಗಲ್ಲು ಕಾದಿರುತ್ತದೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಶುರು ಮಾಡುವುದು ಮಡಿಯ ಕ್ರಮ. ಹೊಟ್ಟೆ ಖಾಲಿ ಇರಲಿ, ಆದರೆ ಎರಡು ಗುಟುಕು ನೀರು ಕುಡಿದಿರಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸದ ವಿಷಯವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು.

ಅಂಗಾತ ಮಲಗಿ ಕೈಗಳನ್ನು ತಲೆಯ ಮೇಲಕ್ಕೆ ಚಾಚಿ ಜೋಡಿಸಿ, ತೋಳು ಕಿವಿಗೆ ತಾಗಿರಲಿ. ಇದರಿಂದ ತಲೆ ಕಲ್ಲಿಗೆ ಬಡಿಯುವುದಿಲ್ಲ. ಹೊರಳುವ ಬಲ ಸೊಂಟ ಮತ್ತು ಭುಜದಿಂದ ಬರಬೇಕು, ಕತ್ತು ತಿರುಗಿಸಿ ಎಳೆದರೆ ಮರುದಿನ ಕತ್ತು ಎತ್ತಲಾಗುವುದಿಲ್ಲ. ಭುಜ ಅಗಲ, ಕಾಲು ಸಪೂರ ಇರುವುದರಿಂದ ಮೈ ನೇರ ಹೋಗದೆ ಕಾಲಿನ ಕಡೆಗೆ ವಾಲಿಕೊಂಡು ತಿರುಗುತ್ತದೆ. ಜೊತೆಗೆ ಒಬ್ಬರು ನಡೆಯುತ್ತಾ ಆಗಾಗ ಪಾದ ಹಿಡಿದು ನೇರ ಮಾಡಬೇಕು. ಹತ್ತು ಹೊರಳಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಿ. ಮುಗಿದ ಕೂಡಲೇ ಎದ್ದು ನಿಲ್ಲದೆ, ಎರಡು ನಿಮಿಷ ಕೂತು ಏಳಿ. ಉತ್ತರ ಕರ್ನಾಟಕದ ಕಡೆಯ ದೀಡ ನಮಸ್ಕಾರದಲ್ಲಿ ಹೊರಳುವುದಿಲ್ಲ, ಪ್ರತಿ ಅಳತೆಗೆ ಎದ್ದು ಮತ್ತೆ ಉದ್ದಕ್ಕೆ ಮಲಗುತ್ತಾರೆ. ಅಲ್ಲಿ ನೋಯುವುದು ಮಂಡಿ ಮತ್ತು ಅಂಗೈ.

ಪಾದಯಾತ್ರೆ: ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ, ಮಾದಪ್ಪನ ಬೆಟ್ಟಕ್ಕೆ, ಯುಗಾದಿಗೆ ಉತ್ತರದ ಜಿಲ್ಲೆಗಳಿಂದ ಶ್ರೀಶೈಲಕ್ಕೆ ನಡೆಯುವವರು ಹೊರಡುವ ಮೂರು ವಾರ ಮೊದಲೇ ದಿನಾ ಐದಾರು ಕಿಲೋಮೀಟರ್ ನಡೆದು ಪಾದ ಗಟ್ಟಿ ಮಾಡಿಕೊಳ್ಳಬೇಕು. ಹೊಸ ಚಪ್ಪಲಿಯಲ್ಲಿ ಹೊರಡಬೇಡಿ. ದಿನಕ್ಕೆ 25ರಿಂದ 30 ಕಿಲೋಮೀಟರ್ ಸಾಕು. ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವ ಹಾಗೆ ನಡೆಯಿರಿ. ನಸುಕಿನಲ್ಲಿ ಬೆನ್ನಿಗೆ ಹೊಳೆಯುವ ಪಟ್ಟಿ ಇರಲಿ.

ಉಡಿ: ಸವದತ್ತಿ ಎಲ್ಲಮ್ಮನಿಗಾಗಲಿ ಊರ ದೇವಿಗಾಗಲಿ ಉಡಿ ತುಂಬಲು ಖಣ, ಅಕ್ಕಿ, ಐದು ಅರಿಶಿನ ಕೊಂಬು, ಐದು ಅಡಿಕೆ, ಐದು ಉತ್ತತ್ತಿ, ಕೊಬ್ಬರಿ ಬಟ್ಟಲು, ಬೆಲ್ಲ, ಹಸಿರು ಬಳೆ. ಹುಣ್ಣಿಮೆಯ ಜನಸಂದಣಿಯಲ್ಲೇ ಹೋಗಬೇಕೆಂದು ಹೊತ್ತಿಲ್ಲದಿದ್ದರೆ ವಾರದ ನಡುವೆ ಹೋಗಿ ನೆಮ್ಮದಿಯಿಂದ ತುಂಬಿ ಬನ್ನಿ.

ಹರಕೆಯಾಟ: ಕಟೀಲು ಮೇಳದ ಯಕ್ಷಗಾನ ಆಟ ಆಡಿಸುವ ಹರಕೆಗೆ ವರ್ಷಗಟ್ಟಲೆ ಮುಂಚೆ ಹೆಸರು ಬರೆಸಬೇಕಾಗುತ್ತದೆ. ಆದ್ದರಿಂದ ಇಲ್ಲಿ ‘ಇಷ್ಟು ದಿನದೊಳಗೆ ಆಡಿಸುತ್ತೇನೆ’ ಎನ್ನುವಂತಿಲ್ಲ, ‘ಇಷ್ಟು ದಿನದೊಳಗೆ ಹೆಸರು ಬರೆಸುತ್ತೇನೆ’ ಎಂದು ಹೇಳಿಕೊಳ್ಳಿ. ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಂದರೆ ಆ ವರ್ಷದ ಆಟ ಮುಗಿಸುತ್ತವೆ. ತುಳುನಾಡಿನಲ್ಲಿ ದೈವಗಳಿಗೆ ನಡೆಸುವ ಕೋಲ, ನೇಮಗಳೂ ಅಲ್ಲಿಂದ ದೀಪಾವಳಿಯವರೆಗೆ ಇಲ್ಲ.

ಅತ್ತೂರಿನ ಸಂತ ಲಾರೆನ್ಸರಿಗೆ ಮೇಣದ ಬತ್ತಿ, ಕಲಬುರಗಿಯ ಬಂದೇನವಾಜರಿಗೆ ಚಾದರ ಹೊತ್ತವರೂ ಈ ಕ್ರಮವನ್ನೇ ಅನುಸರಿಸಬಹುದು. ಎಷ್ಟು ಬತ್ತಿ, ಎಷ್ಟುದ್ದದ್ದು ಎಂಬುದು ಅಲ್ಲೂ ಬೇಕು.

ಸೇವೆಯ ದರ ಕ್ಷೇತ್ರದ ಫಲಕದಲ್ಲಿ ಇರುತ್ತದೆ, ರಸೀದಿ ಕೌಂಟರಿನಲ್ಲೇ ಪಡೆಯಿರಿ. ‘ಲೈನಿಲ್ಲದೆ ಮಾಡಿಸಿಕೊಡ್ತೀವಿ’ ಎನ್ನುವ ಫೋನು, ಕ್ಷೇತ್ರದ ಹೆಸರಿಟ್ಟುಕೊಂಡ ಯಾವುದೋ ಜಾಲತಾಣ ನಂಬಿ ದುಡ್ಡು ಕಳಿಸಿದರೆ ದುಡ್ಡೂ ಹೋಯಿತು, ಹರಕೆಯೂ ತೀರಲಿಲ್ಲ.

ಹೊತ್ತ ಹಾಗೆ ಮಾಡಲಾಗದಿದ್ದರೆ

ಮಂಡಿ ಸವೆದವರಿಗೆ ಉರುಳು ಆಗುವುದಿಲ್ಲ. ಕಾನೂನು ತಡೆದ ಹರಕೆಯನ್ನು ತೀರಿಸಕೂಡದು. ಇಂಥದ್ದಕ್ಕೆ ನಮ್ಮಲ್ಲಿ ಮೊದಲಿನಿಂದಲೂ ಇರುವ ದಾರಿ ತಪ್ಪು ಕಾಣಿಕೆ. ಕ್ಷೇತ್ರಕ್ಕೆ ಹೋಗಿ, ಅರ್ಚಕರಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬದಲಿಗೆ ಏನು ಮಾಡಬಹುದು ಎಂದು ಕೇಳಿ, ಒಪ್ಪಿಕೊಂಡದ್ದನ್ನು ಅಂದೇ ಮುಗಿಸಿ ಬರುವುದು. ಕುರಿ, ಕೋಳಿ ಹೊತ್ತಲ್ಲಿ ಬೂದುಗುಂಬಳ ಒಡೆಯುವುದು, ಉರುಳಿನ ಬದಲು ಪ್ರದಕ್ಷಿಣೆ, ದೊಡ್ಡ ಅನ್ನದಾನದ ಬದಲು ಕ್ಷೇತ್ರದ ಅನ್ನದಾನ ನಿಧಿಗೆ ರಸೀದಿ ಹೀಗೆಲ್ಲ ಬದಲಿಸಿಕೊಳ್ಳುವುದುಂಟು. ಮನೆಯಲ್ಲೇ ಕೂತು ‘ಅದರ ಬದಲು ಇದು’ ಎಂದು ನಾವೇ ತೀರ್ಪು ಕೊಟ್ಟುಕೊಳ್ಳಬಾರದು. ಹಾಗೆ ಬದಲಿಸುವಾಗ ಹರಕೆ ಯಾವಾಗಲೂ ಚಿಕ್ಕದೇ ಆಗುತ್ತದೆ, ಯಾರದ್ದೂ ದೊಡ್ಡದಾದದ್ದಿಲ್ಲ.

ತಪ್ಪು ಕಾಣಿಕೆಯನ್ನೂ ಸಲುಗೆಗೆ ಬಳಸುವವರಿದ್ದಾರೆ. ಈಗ ಹೊತ್ತುಕೊಳ್ಳೋಣ, ಆಗದಿದ್ದರೆ ನೂರೊಂದು ಹಾಕಿದರಾಯಿತು ಎಂಬ ಲೆಕ್ಕ. ಇದರ ಅಣ್ಣನೇ ಹುಂಡಿಯ ಪಾಲು: ಲಂಚದ ದುಡ್ಡಿನಲ್ಲಿ, ತಮ್ಮನ ಪಾಲು ನುಂಗಿದ ಜಮೀನಿನ ದುಡ್ಡಿನಲ್ಲಿ ನೂರಕ್ಕೆ ಹತ್ತು ದೇವರಿಗೆ. ‘ಅವನಿಗೂ ಕೊಟ್ಟಿದೀವಲ್ಲ’ ಎಂಬ ನೆಮ್ಮದಿ ಇದ್ದರೆ ಮುಂದಿನ ಸಲ ಕೈ ಅಳುಕುವುದಿಲ್ಲ. ಹರಕೆ ಮರೆತವನಿಗಿಂತ ಇವನ ಸ್ಥಿತಿ ಕಷ್ಟದ್ದು, ಏಕೆಂದರೆ ಮರೆತವನಿಗೆ ಎಂದಾದರೂ ನೆನಪಾಗುತ್ತದೆ. ಇಂಥ ದುಡ್ಡಿಗೆ ಕ್ರಮ ಒಂದೇ. ಯಾರದ್ದೋ ಅವರಿಗೆ ಮೊದಲು ಹಿಂದಿರುಗಿಸಿ, ನಿಮ್ಮ ದುಡಿಮೆಯ ಹನ್ನೊಂದು ರೂಪಾಯಿ ಹಿಡಿದು ಗುಡಿಗೆ ಹೋಗುವುದು.

ಹಿರಿಯರ ಮುಡಿಪು ಸಿಕ್ಕಿದರೆ

ಹಳೆಯ ಮನೆ ಖಾಲಿ ಮಾಡುವಾಗ ಅರಿಶಿನ ಮಾಸಿದ ಗಂಟುಗಳು ಸಿಗುತ್ತವೆ, ಒಮ್ಮೊಮ್ಮೆ ಐದಾರು. ಗಾಬರಿ ಬೇಡ, ಜ್ಯೋತಿಷಿಯೂ ಬೇಡ. ಮೊದಲು ಚೀಟಿ ಇದೆಯೇ ನೋಡಿ, ಇಲ್ಲದಿದ್ದರೆ ಮನೆಯ ಹಿರಿಯ ಹೆಂಗಸರನ್ನು ಕೇಳಿ. ಅತ್ತೆ, ಸೋದರತ್ತೆಯರಿಗೆ ಇಂಥದ್ದು ನೆನಪಿರುವುದು ಹೆಚ್ಚು. ಯಾವ ದೇವರದ್ದೆಂದು ಗೊತ್ತಾದರೆ ಗಂಟನ್ನು ಬಿಚ್ಚದೆ ಅಲ್ಲಿಗೇ ಒಯ್ದು ಹುಂಡಿಗೆ ಹಾಕಿ, ಹೊತ್ತವರ ಹೆಸರಿನಲ್ಲಿ ಒಂದು ಅರ್ಚನೆ ಮಾಡಿಸಿ. ಗೊತ್ತಾಗದಿದ್ದರೆ ಮನೆದೇವರಿಗೆ ಒಪ್ಪಿಸಿ. ತಿಳಿಯದ್ದನ್ನು ಮನೆದೇವರು ತಲುಪಿಸುತ್ತಾನೆ ಎಂಬುದು ಹಿಂದಿನಿಂದ ಬಂದ ನಂಬಿಕೆ.

ನೋಟಿನ ಗಂಟು ಎಂದು ಕೈಗೆ ತಿಳಿದರೆ ಮಾತ್ರ ಬಿಚ್ಚಿ ನೋಡಬೇಕು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು, 50 ಪೈಸೆ ಇನ್ನೂ ಚಲಾವಣೆಯಲ್ಲಿದೆ. 2016ರ ನವೆಂಬರ್ 8ರಂದು ರದ್ದಾದ ಹಳೆಯ 500, 1,000ದ ನೋಟುಗಳಿಗೆ ಈಗ ಬೆಲೆಯಿಲ್ಲ, ಅಂಥವು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯ್ದೆಯ ಪ್ರಕಾರ ತಪ್ಪು. 2023ರಲ್ಲಿ ಹಿಂತೆಗೆದುಕೊಂಡ 2,000ದ ನೋಟಾದರೆ ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿಯಲ್ಲಿ ಕೊಡಬಹುದು, ಅಂಚೆಯಲ್ಲೂ ಕಳಿಸಬಹುದು. ರದ್ದಾದ ನೋಟನ್ನು ಹುಂಡಿಗೆ ಹಾಕಿ ಕೈತೊಳೆದುಕೊಂಡರೆ ಎಣಿಸುವವರಿಗೆ ಕೆಲಸ ಹೆಚ್ಚಿತೇ ಹೊರತು ಹರಕೆ ತೀರಲಿಲ್ಲ. ಒಳಗೆ ಎಷ್ಟಿತ್ತೋ ಅಷ್ಟನ್ನು ಇಂದಿನ ನೋಟಿನಲ್ಲಿ ಹೊಸ ಅರಿಶಿನ ಬಟ್ಟೆಗೆ ಕಟ್ಟಿ, ಹಳೆಯ ಚೀಟಿಯನ್ನು ಅದಕ್ಕೇ ಸುತ್ತಿ, ಹರಕೆ ಪುಸ್ತಕದಲ್ಲಿ ಅಜ್ಜಿಯ ಹೆಸರಿನ ಮುಂದೆ ಹೋಗುವ ತಾರೀಖು ಬರೆಯಿರಿ.